ಆರ್‌ಎನ್‌ಎ ಮಡಚಿದವರು, ಖೋಲಿಗೆ ಕೀಲಿ ಹಾಕಿದವರು

ಮೂಡಲಗಿ ಕಡೆಯ ಒಂದು ಕಾಲೇಜಿನವರು ಹೊಸ ಕಂಪ್ಯೂಟರುಗಳನ್ನು ತರಿಸಿ, ಒಂದು ಖೋಲಿಯಲ್ಲಿಟ್ಟು, ಕೀಲಿ ಹಾಕಿ, ಓದುವ ಮಕ್ಕಳನ್ನು ಬಾಗಿಲ ಹೊರಗೆ ನಿಲ್ಲಿಸಿದರು. ತಪ್ಪು ಇಷ್ಟೇ. ಇದಕ್ಕೆ ದೊಡ್ಡ ಹೆಸರು ಬೇಕಾಗಿಲ್ಲ. ಕಾಲೇಜಿನ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಅವರೊಬ್ಬರೇ ಹಾಗೆ ಅಂತ ನೀವು ತಿಳಿದು ಸಮಾಧಾನ ಪಡುತ್ತೀರಿ.

ನಾನು ಗೋಕಾಕದಲ್ಲಿ ಮೋಟರ್ ವೈಂಡಿಂಗ್ ಮಾಡುವವನು. ಕಾಲೇಜಿನ ಮೆಟ್ಟಿಲು ಹತ್ತಿದ್ದು ಮೋಟರ್ ಬಿಚ್ಚಲಿಕ್ಕೆ ಮತ್ತು ಜಗಳ ಮಾಡಲಿಕ್ಕೆ. ಆರ್‌ಎನ್‌ಎ ಬಗ್ಗೆ ತಿಳಿದದ್ದೆಲ್ಲ ಫೋನಿನಲ್ಲಿ ಓದಿ, ತಪ್ಪು ತಿಳಿದು, ಮತ್ತೆ ಓದಿ ತಿಳಿದದ್ದು. ಕೊರೊನಾ ಬಂದಾಗ ಶುರುವಾಯಿತು. ಊರನ್ನೆಲ್ಲ ಮನೆಯೊಳಗೆ ಕೂಡಿಸಿದ ವೈರಸ್ಸಿನ ಹೊಟ್ಟೆಯಲ್ಲಿ ಏನಿದೆ ಅಂತ ನೋಡಹೋದೆ, ಆರ್‌ಎನ್‌ಎ ಇತ್ತು. ನಮ್ಮ ಕಬ್ಬಿನ ಎಲೆಗೆ ತಿಳಿಹಸಿರು ಪಟ್ಟಿ ಎಳೆಯುವ ರೋಗದ ವೈರಸ್ಸಿನಲ್ಲೂ ಅದೇ ಇತ್ತು. ಅಂದಿನಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನಲ್ಲಿ ಕರೆದವರ ಮುಂದೆಯೂ ಕರೆಯದವರ ಮುಂದೆಯೂ ಇದನ್ನೇ ಹೇಳುತ್ತ ತಿರುಗುತ್ತೇನೆ. ಹೋದಲ್ಲೆಲ್ಲ ಕೆಳಗೆ ಬರೆದಂಥವು ನಡೆಯುತ್ತವೆ. ನಾನು ಸಿಟ್ಟಿನಿಂದ ಹೋಗುತ್ತೇನೆ, ಜನ ನಗಿಸಿ ಕಳಿಸುತ್ತಾರೆ. ಸಿಟ್ಟು ಇನ್ನೂ ಹಾಗೇ ಇದೆ.

ಬೀಗತನ

ಬೆಲ್ಲದ ಬಾಗೇವಾಡಿಯ ಒಂದು ಗುಡಿಯ ಕಟ್ಟೆ. ಸಂಜೆ ಜನ ಕೂಡಿದ್ದರು. ನಾನು ಮಣಿಸರ ಹಿಡಿದು ನಿಂತೆ.

"ಆರ್‌ಎನ್‌ಎ ಅಂದ್ರ ನಾಕು ಥರದ ಮಣಿ ಪೋಣಿಸಿದ ಒಂದ ಎಳಿ ಸರ. ಮಣಿ ಹೆಸರು ಎ, ಯು, ಜಿ, ಸಿ. ಈ ಸರ ತನ್ನ ಮ್ಯಾಲ ತಾನ ಮಡಚಿಕೋತೈತಿ. ಎ ಹೋಗಿ ಯು ಹಿಡೀತೈತಿ. ಜಿ ಹೋಗಿ ಸಿ ಹಿಡೀತೈತಿ."

ಮುಂದೆ ಕುಳಿತ ಕಾಕಾ ಕೇಳಿದರು. "ಅಂದ್ರ ಎ ಮತ್ತ ಯು ಬೀಗರು."

"ಹೌದ್ರಿ ಕಾಕಾ. ಜಿ ಮತ್ತ ಸಿ ಬೀಗರು."

"ಬ್ಯಾರೆ ಕಡೆ ಕೊಡೂದು ತರೂದು ಇಲ್ಲೇನು?"

"ಒಮ್ಮೊಮ್ಮೆ ಜಿ ಹೋಗಿ ಯು ಸಂಗಾಟ ಕೂಡತೈತ್ರಿ. ಆದ್ರ ಆ ಹಿಡಿತ ಸ್ವಲ್ಪ ಸಡ್ಲ."

"ಲವ್ ಮ್ಯಾರೇಜ," ಅಂದರು ಕಾಕಾ, ಎಲ್ಲ ತಿಳಿದವರ ಹಾಗೆ.

ಹಿಂದಿನಿಂದ ಒಬ್ಬ ಅಜ್ಜಿ ಅಂದಳು. "ಸಡ್ಲ ಅಂತ ಹೆಂಗ ಹೇಳ್ತೀಯೋ ತಮ್ಮಾ? ನಮ್ಮ ಓಣ್ಯಾಗ ಗಟ್ಟಿ ಉಳದಾವು ಅವ ಅದಾವು."

ನಕ್ಕು ಮುಗಿದ ಮೇಲೆ ನಾನು ಮುಂದೆ ಹೇಳಿದೆ. ಈ ಬೀಗತನವನ್ನು ಹಾಳೆಯ ಮೇಲೆ ಬರೆಯಬಹುದು, ಅದು ಚಪ್ಪಟೆ ನಕ್ಷೆ. ಆದರೆ ಖರೆ ಆರ್‌ಎನ್‌ಎ ಹಾಳೆಯ ಮೇಲೆ ಮಲಗಿಲ್ಲ. ಅದಕ್ಕೆ ಉದ್ದ, ಅಗಲ, ಎತ್ತರ ಮೂರೂ ಇವೆ. ಯಾವ ತೋಳು ಯಾವ ಕಡೆ ಬಾಗಿದೆ, ಎಲ್ಲಿ ಸಂದಿ ಉಳಿದಿದೆ, ಆ ಸಂದಿಯಲ್ಲಿ ಏನು ಹೋಗಿ ಕೂಡುತ್ತದೆ, ಇದು ತಿಳಿದರೆ ಅದರ ಕೆಲಸ ತಿಳಿಯುತ್ತದೆ. ರೋಗದ ಆರ್‌ಎನ್‌ಎ ಆದರೆ ಅದಕ್ಕೆ ಔಷಧ ಎಲ್ಲಿ ತುರುಕಬೇಕು ಅನ್ನುವುದೂ ತಿಳಿಯುತ್ತದೆ. ಕೆಲಸವೆಲ್ಲ ಆಕಾರದ್ದು. ಸರವನ್ನು ಎಳೆದು ನೇರ ಮಾಡಿದರೆ ಬಹಳಷ್ಟು ಆರ್‌ಎನ್‌ಎಗಳಿಗೆ ಯಾವ ಕೆಲಸವೂ ಮಾಡಲು ಬರುವುದಿಲ್ಲ.

"ಅಷ್ಟ್ಯಾಕ ಡೊಂಕ ಆಗಬೇಕು ಅದು?" ಅಂದ ಒಬ್ಬ ಹುಡುಗ. "ನೆಟ್ಟಗ ನಿಂತು ಕೆಲಸ ಮಾಡಾಕ ಏನಾಗೇತಿ?"

ಕಟ್ಟೆಯ ತುದಿಯಲ್ಲಿ ಮಾಜಿ ಪಂಚಾಯತಿ ಮೆಂಬರರೊಬ್ಬರು ಕುಳಿತಿದ್ದರು.

"ತಮ್ಮಾ," ಅಂದರು, "ನಾನೂ ಮೊದಲನೇ ವರ್ಷ ನೆಟ್ಟಗ ನಿಂತು ನೋಡೀನಿ. ಒಂದು ಗಟಾರದ ಕೆಲಸ ಸುದ್ದಾ ಆಗಲಿಲ್ಲ."

ಪಾಕ

ಆರ್‌ಎನ್‌ಎ ಎಷ್ಟು ಸಣ್ಣದೆಂದರೆ ಕಣ್ಣಿಗಿರಲಿ, ಸಾಲಿಯ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ಹಾಗಾದರೆ ಆಕಾರ ನೋಡುವುದು ಹೇಗೆ? ಇದನ್ನು ಕೇಳಿದವರು ಮೂಡಲಗಿ ಹಾದಿಯಲ್ಲಿ ಬೆಲ್ಲದ ಗಾಣ ನಡೆಸುವ ಒಬ್ಬ ಗೌಡರು. ಅವರ ಮೋಟರು ಸುಟ್ಟಿತ್ತು, ನಾನು ಬಿಚ್ಚುತ್ತ ಕುಳಿತಿದ್ದೆ.

ಒಂದು ದಾರಿ ಹಳೆಯದು. ಆರ್‌ಎನ್‌ಎಯನ್ನು ಶುದ್ಧ ಮಾಡಿ, ಕಲ್ಲುಸಕ್ಕರೆಯ ಹಾಗೆ ಹರಳುಗಟ್ಟಿಸಿ, ಆ ಹರಳಿಗೆ ಎಕ್ಸ್‌ರೇ ಬಿಟ್ಟು, ಅದು ಹೇಗೆ ಚದುರುತ್ತದೆ ಅಂತ ನೋಡಿ, ಒಳಗಿನ ಆಕಾರ ಲೆಕ್ಕ ಹಾಕುವುದು. ಆದರೆ ಆರ್‌ಎನ್‌ಎ ಬಳುಕುವ ಜಾತಿ. ಬೇಗ ಹರಳುಗಟ್ಟುವುದಿಲ್ಲ. ಜನ ವರ್ಷಗಟ್ಟಲೆ ಕಾಯುತ್ತಾರೆ.

"ಪಾಕ ಕೆಟ್ಟಿರಬೇಕು," ಅಂದರು ಗೌಡರು. "ಹೊಲಸು ತಗಿಯಾಕ ಬೆಂಡಿ ರಸ ಬಿಟ್ಟಿದ್ರೇನು? ಬೆಲ್ಲ ಕಟ್ಟಾಕ ಸುಣ್ಣದ ತಿಳಿ ಹಾಕಿದ್ರೇನು?"

"ಮೆಗ್ನೀಸಿಯಂ ಅಂತ ಒಂದು ಉಪ್ಪು ಹಾಕ್ತಾರ್ರಿ. ಅದಿಲ್ಲಂದ್ರ ಸರಿಯಾಗಿ ಮಡಚಿಕೊಳ್ಳಂಗಿಲ್ಲ."

"ಮತ್ತ, ನಾ ಹೇಳಿದ್ದು ಅದನ."

ಎರಡನೆಯ ದಾರಿ ಹೊಸದು. ಆರ್‌ಎನ್‌ಎ ಇರುವ ನೀರನ್ನು ಕಣ್ಣು ಪಿಳುಕಿಸುವುದರೊಳಗೆ ತೆಳ್ಳಗೆ ಹೆಪ್ಪುಗಟ್ಟಿಸಿ, ಎಲೆಕ್ಟ್ರಾನು ಬಿಟ್ಟು ಚಿತ್ರ ತೆಗೆಯುವುದು. ಒಂದೊಂದು ಚಿತ್ರವೂ ಮಸುಕು. ಒಂದರಲ್ಲಿ ಮಗ್ಗಲು ಕಾಣುತ್ತದೆ, ಒಂದರಲ್ಲಿ ಬೆನ್ನು. ಲಕ್ಷಗಟ್ಟಲೆ ಚಿತ್ರ ಕೂಡಿಸಿ ಕಂಪ್ಯೂಟರು ಪೂರಾ ಆಕಾರ ಕಟ್ಟುತ್ತದೆ.

ಗೌಡರು ತಮ್ಮ ಮೀಸೆ ಮುಟ್ಟಿ ನೋಡಿಕೊಂಡರು. ಆಮೇಲೆ ಕೇಳಿದರು.

"ನಮ್ಮ ಮಗನ ಲಗ್ನದಾಗ ಫೋಟೋದವ ಸಾವಿರಗಟ್ಲೆ ಫೋಟೋ ತಗದ. ಒಂದ್ರಾಗೂ ನನ್ನ ಮಾರಿ ಪೂರಾ ಬಂದಿಲ್ಲ. ಒಂದ್ರಾಗ ಕಿವಿ, ಒಂದ್ರಾಗ ಪಟಗಾ, ಒಂದ್ರಾಗ ಅರ್ಧ ಮೀಸಿ. ಎಲ್ಲಾ ಕೂಡಿಸಿದ್ರ ಪೂರಾ ಗೌಡ ಬರ್ತಾನೇನ್ರಿ?"

"ಬರ್ತಾನ್ರಿ. ಖರೇನ ಬರ್ತಾನ. ಅದ ಆ ವಿದ್ಯಾ."

ಅವರು ಒಳಗೆ ಮುಖ ಮಾಡಿ ಮನೆಯವರನ್ನು ಕರೆದು ಇದನ್ನು ಹೇಳಿದರು. ಒಳಗಿನಿಂದ ಗೌಡತಿಯ ದನಿ ಬಂತು.

"ಅರ್ಧಾ ಇರ್ಲಿ ಬಿಡ್ರಿ. ಪೂರಾ ದಿನಾ ನೋಡಾಕತ್ತೀನಿ."

ಕಲ್ಲಿನಲ್ಲಿ ಯಾರ ಹೆಸರು

ಮೂರನೆಯ ದಾರಿ ಲೆಕ್ಕ. ಸರದಲ್ಲಿ ಯಾವ ಮಣಿಯ ಹಿಂದೆ ಯಾವ ಮಣಿ ಇದೆ ಎಂದು ಗೊತ್ತಿದ್ದರೆ, ಅದು ಹೇಗೆಲ್ಲ ಮಡಚಿಕೊಳ್ಳಬಹುದು ಎಂದು ಕಂಪ್ಯೂಟರಿನಿಂದ ಸಾವಿರಾರು ಆಕಾರ ಮಾಡಿಸಿ, ನಂಬುವಂಥದ್ದನ್ನು ಆರಿಸುವುದು. ಪರದೇಶದ ಲ್ಯಾಬಿನವರು ಇದಕ್ಕೆ ಪಂದ್ಯ ಇಡುತ್ತಾರೆ. ಒಂದು ಆರ್‌ಎನ್‌ಎಯ ಖರೆ ಆಕಾರವನ್ನು ತಾವು ಕಂಡುಹಿಡಿದು ಮುಚ್ಚಿಟ್ಟುಕೊಂಡು, ಮಣಿಗಳ ಸಾಲನ್ನಷ್ಟೇ ಹೊರಗೆ ಬಿಡುತ್ತಾರೆ. ಯಾರು ಬೇಕಾದರೂ ಆಕಾರ ಊಹಿಸಿ ಕಳಿಸಬಹುದು. ನೀನು ಯಾವ ಊರಿನವ, ಯಾರ ಪೈಕಿ ಅಂತ ಕೇಳುವುದಿಲ್ಲ. ಕೊನೆಗೆ ಖರೆ ಆಕಾರದ ಪಕ್ಕದಲ್ಲಿಟ್ಟು ನೋಡುತ್ತಾರೆ.

ಮಸಗುಪ್ಪಿಯ ಒಬ್ಬ ಹುಡುಗಿ ಈ ಪಂದ್ಯಕ್ಕೆ ನಿಂತಳು. ಬಿ.ಎಸ್ಸಿ. ಕಡೆಯ ವರ್ಷ, ನಾನು ಹೇಳಿದ ಕೀಲಿಯ ಕಾಲೇಜಿನಲ್ಲೇ. ಅಪ್ಪ ಊರೂರು ಹಾಲು ಕೂಡಿಸಿ ಡೇರಿಗೆ ಹಾಕುವವ. ಪರೀಕ್ಷೆ ಮುಗಿದರೆ ಓದು ಮುಗಿಯಿತು ಎಂದು ಮನೆಯಲ್ಲಿ ಮಾತಾಗಿತ್ತು. ಮುಂದೆ ಓದುತ್ತೇನೆ, ಸಂಶೋಧನೆ ಮಾಡುತ್ತೇನೆ ಅನ್ನಬೇಕಾದರೆ ಅವಳ ಕೈಯಲ್ಲಿ ತೋರಿಸಲು ಏನಾದರೂ ಇರಬೇಕಾಗಿತ್ತು. ಅದಕ್ಕೆ ಈ ಪಂದ್ಯ.

ಸಾಲಿನ ಬೀಗತನವನ್ನು ಫೋನಿನಲ್ಲೇ ಬಿಡಿಸಿದಳು. ಮೂರು ಆಯಾಮದ ಲೆಕ್ಕ ಶುರು ಮಾಡಿದರೆ ಮಾತ್ರ ಫೋನು ಹಪ್ಪಳ ಸುಡುವಷ್ಟು ಬಿಸಿಯಾಗಿ ಬಂದ್ ಆಗುತ್ತಿತ್ತು. ಕಂಪ್ಯೂಟರು ಬೇಕು. ಕಂಪ್ಯೂಟರು ಇವೆ. ನಾನು ಪ್ರಿನ್ಸಿಪಾಲರ ಹತ್ತಿರ ಹೋದೆ.

"ಸರ, ಆ ಖೋಲಿ ಯಾವಾಗ ತಗೀತೀರಿ?"

"ಉದ್ಘಾಟನಾ ಆಗಬೇಕ್ರಿ."

"ಯಾವಾಗ ಆಕ್ಕೈತಿ?"

"ಸಾಹೇಬ್ರು ಟೈಮ್ ಕೊಟ್ಟಾಗ."

"ಯಾವ ಸಾಹೇಬ್ರು?"

ಅವರು ಮೂಲೆ ತೋರಿಸಿದರು. ಅಲ್ಲೊಂದು ಉದ್ಘಾಟನೆಯ ಕಲ್ಲು ಗೋಡೆಗೆ ಮುಖ ಮಾಡಿ ನಿಂತಿತ್ತು.

"ಆ ಕಲ್ಲಿನ್ಯಾಗ ಹೆಸರಿದ್ದ ಸಾಹೇಬ್ರು ಈಗ ಸಾಹೇಬ್ರಲ್ಲ. ಈಗಿನ ಸಾಹೇಬ್ರ ಹೆಸರು ಕೆತ್ತಸಬೇಕಂದ್ರ ಕಲ್ಲು ಬರೂತನಕ ಅವರು ಇರ್ತಾರೋ ಇಲ್ಲೋ. ನನ್ನ ತ್ರಾಸ ನಿಮಗ ತಿಳಿಯಂಗಿಲ್ಲ."

"ಹೆಸರ ಹಾಕಬ್ಯಾಡ್ರಿ. ಬರೇ 'ಸಾಹೇಬರು' ಅಂತ ಕೆತ್ತಸ್ರಿ. ಯಾರ ಬಂದ್ರೂ ನಡೀತೈತಿ."

ನಾನು ಹೀಯಾಳಿಸಲು ಹೇಳಿದ್ದು. ಪ್ರಿನ್ಸಿಪಾಲರು ಪೆನ್ನು ತೆಗೆದು ಅದನ್ನು ಬರೆದುಕೊಂಡರು.

ಬದನೆಕಾಯಿ ಮತ್ತು ಮಾವಿನಕಾಯಿ

ಖೋಲಿ ತೆಗೆಯುವ ತನಕ ಕೈಯಲ್ಲೇ ಮಡಚಿ ನೋಡೋಣ ಅಂದಳು ಹುಡುಗಿ. ಬಾಗಿಸಿದರೆ ಬಾಗಿದ ಹಾಗೇ ನಿಲ್ಲುವ, ನಾಲ್ಕು ಬಣ್ಣದ ಮಣಿಯ ಸರ ಬೇಕು. ಗೋಕಾಕದಲ್ಲಿ ಕಟ್ಟಿಗೆಯ ಗೊಂಬೆ ಮಾಡುವವರಿದ್ದಾರೆ. ಒಬ್ಬರಿಗೆ ಹೇಳಿ ಬಂದೆವು. ನಡುವೆ ತಂತಿ, ಸುತ್ತ ಮಣಿ, ಫೋನಿನಲ್ಲಿ ತೋರಿಸಿದ ನಕ್ಷೆಯ ಹಾಗೆ ತೋಳುಗಳು.

ಹೋಗಿ ನೋಡಿದರೆ ಮಣಿಗಳಿಲ್ಲ. ಬೆರಳಿನಷ್ಟು ಮಾವಿನಕಾಯಿ, ಬದನೆಕಾಯಿ, ಲಿಂಬೆಹಣ್ಣು, ಕೆಂಪು ಮೆಣಸಿನಕಾಯಿ.

"ಏನ್ರಿ ಇದು?"

"ನಾಕ ಥರ ಅಂದ್ರಿ. ಬರೇ ಗುಂಡನ್ನ ಮಣಿಗೆ ಬಣ್ಣ ಹಚ್ಚಿದ್ರ ಅದಕ್ಕ ಗೋಕಾಕದ ಕೆಲಸ ಅಂತಾರೇನ್ರಿ? ನಮ್ಮ ಕೈ ಹಣ್ಣು ಕಾಯಿಪಲ್ಲೆ ಮಾಡಿ ರೂಢಿ."

ಖರೆ ಹೇಳಬೇಕೆಂದರೆ ಅದರಿಂದ ಅನುಕೂಲವೇ ಆಯಿತು. ಹುಡುಗಿಗೆ ಎ, ಯು ಮರೆತೇಹೋದವು. "ಈ ಬದನಿಕಾಯಿ ಇಲ್ಲಿಂದ ಮಾವಿನಕಾಯಿ ಹಿಡದ್ರ ಮೆಣಸಿನಕಾಯಿ ಒಂಟಿ ಉಳೀತೈತಿ" ಅಂತ ತನ್ನಷ್ಟಕ್ಕೆ ಅನ್ನುತ್ತ ಬಸ್ಸಿನಲ್ಲಿ ಮಡಚುತ್ತಿದ್ದಳು. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು.

ತಕರಾರು ಇನ್ನೊಂದಿತ್ತು. ನಕ್ಷೆಯಲ್ಲಿ ಒಂದು ತೋಳು ಉದ್ದ, ಒಂದು ಗಿಡ್ಡ. ಗೊಂಬೆಯವರು ಗಿಡ್ಡ ತೋಳಿಗೆ ಇನ್ನಷ್ಟು ಲಿಂಬೆಹಣ್ಣು ಪೋಣಿಸಿ ಎರಡನ್ನೂ ಸಮ ಮಾಡಿದ್ದರು.

"ಅಲ್ರಿ, ಇಲ್ಲದ್ದು ಯಾಕ ಹಚ್ಚೀರಿ?"

"ತೂಗ ಹಾಕಿದ್ರ ಒಂದ ಕಡಿಗೆ ವಾಲ್ತಿತ್ರಿ."

"ಇದನ್ನ ತೂಗ ಹಾಕೂದಲ್ರಿ."

"ಮತ್ತ ಇದರಿಂದ ಏನ ಮಾಡ್ತೀರಿ?"

ಆರ್‌ಎನ್‌ಎ, ಆಕಾರ, ಔಷಧ ಎಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು. ಹೆಚ್ಚಿನ ಲಿಂಬೆಹಣ್ಣು ಕಳಚಿ ಕೊಟ್ಟರು. ಆಮೇಲೆ ಅಂದರು.

"ಇಂಥಾದ್ದ ಇನ್ನೊಂದು ಮಾಡಿದ್ದೆ ನೋಡ್ರಿ. ಬಾಜೂ ಮನಿಯವರು ತೊಟ್ಟಲಕ್ಕ ಕಟ್ಟ್ಯಾರ. ಕೂಸು ಅದನ್ನ ನೋಡಕೋತ ಅಳೂದು ಬಿಟ್ಟೈತಿ. ನಿಮ್ಮದರಿಂದ ಈತನಕ ಯಾರಿಗರ ಅಷ್ಟ ಉಪಯೋಗ ಆಗೇತೇನ್ರಿ?"

ನಾನು ಸರ ಚೀಲದಲ್ಲಿ ಹಾಕಿಕೊಂಡು ಬಂದೆ.

ಗಂಟು

ನಮ್ಮ ಕಡೆ ದನ ಕಟ್ಟುವ ಮನೆಗಳಲ್ಲಿ ಒಂದು ರೂಢಿ. ಹಗ್ಗ ಗಂಟು ಬಿದ್ದದ್ದು ಕಂಡರೆ ಯಾರೇ ಆಗಲಿ, ಅದು ಯಾರ ಮನೆಯದೇ ಆಗಲಿ, ಕೂತು ಬಿಡಿಸಿಯೇ ಏಳಬೇಕು. ದನದ ಕಾಲಿಗೆ ಸಿಕ್ಕುತ್ತದೆ ಅಂತ ಶುರುವಾದದ್ದು. ಈಗ ದನ ಇಲ್ಲದ ಮನೆಯಲ್ಲೂ ಇದೆ.

ಹುಡುಗಿ ಬಹಳ ದಿನ ಕೂತು, ಸಂದಿ ಸಂದಿಗೆ ದಾರ ಕಟ್ಟಿ, ಆ ಸರವನ್ನು ತನ್ನ ಊಹೆಯ ಆಕಾರಕ್ಕೆ ತಂದಿದ್ದಳು. ಹುಕ್ಕೇರಿ ತಾಲೂಕಿನ ಒಂದು ಕಾಲೇಜಿನ ಲೆಕ್ಚರರ್ ಒಬ್ಬರು ನನಗೆ ಪರಿಚಯ. "ನಮ್ಮ ಹುಡುಗರಿಗೂ ತೋರಿಸ್ರಿ, ಕಂಪ್ಯೂಟರ್ ಬಗ್ಗೆ ನಮ್ಮವರ ಹತ್ರ ಮಾತಾಡೂಣು" ಅಂದರು. ಮಾದರಿಯನ್ನು ಹಿಂದಿನ ದಿನ ಸಂಜೆಯೇ ಅವರ ಸ್ಟಾಫ್ ರೂಮಿನಲ್ಲಿಟ್ಟು ಬಂದೆವು.

ಮರುದಿನ ಹೋದರೆ ಮೇಜಿನ ಮೇಲೆ ಮಾದರಿ ಇಲ್ಲ. ಕಾಲೇಜಿನ ಸಭಾಂಗಣದ ಬಾಗಿಲಿಗೆ ತೋರಣ ಕಟ್ಟಿದ್ದರು. ನೆಟ್ಟಗೆ, ಬಿಗಿಯಾಗಿ, ಈ ಕಂಬದಿಂದ ಆ ಕಂಬಕ್ಕೆ. ಮಾವಿನಕಾಯಿ, ಬದನೆಕಾಯಿ, ಲಿಂಬೆಹಣ್ಣು, ಮೆಣಸಿನಕಾಯಿ.

ಕಸ ಗುಡಿಸುವ ಅಕ್ಕ ಖುಷಿಯಿಂದ ಬಂದಳು. "ಭಾಳ ಗಂಟ ಬಿದ್ದಿತ್ರಿ ಸರ. ದಾರ ಬ್ಯಾರೆ ಯಾರೋ ಸುತ್ತಿದ್ರು. ಮುಂಜಾನಿಂದ ಕುಂತು ಬಿಡಿಸೀನಿ. ಹೂವಿನ ಹಾರ ತರೂದ ತಪ್ಪಿತು."

ಹುಡುಗಿ ತೋರಣದ ಕೆಳಗೆ ಹೋಗಿ ನಿಂತಳು. "ಚಲೋ ಬಿಡಿಸೀರಿ ಅಕ್ಕಾ," ಅಂದಳು. ಆಮೇಲೆ ನೀರು ಕುಡಿದು ಬಂದಳು.

ಲೆಕ್ಚರರ್ ಮಾತ್ರ ಸಮಾಧಾನ ಹೇಳಹೋದರು. "ಇರ್ಲಿ ಬಿಡವಾ. ಪಠ್ಯಪುಸ್ತಕದಾಗೂ ಹಿಂಗ ಸಾಲಾಗಿ ಐತಿ. ಹಿಂಗ ತೋರಿಸಿದ್ರೂ ತಪ್ಪಲ್ಲ."

ಹುಡುಗಿ ಹಾಲಿನ ಮನೆಯಲ್ಲಿ ಹುಟ್ಟಿದವಳು.

"ಪುಸ್ತಕದಾಗ ಎಮ್ಮಿನೂ ಚಪ್ಪಟ ಐತ್ರಿ ಸರ," ಅಂದಳು. "ಹಾಲು ಯಾವ ಪುಟದಾಗ ಹಿಂಡ್ತೀರಿ?"

ಸಭಾಂಗಣ ತುಂಬ ನಕ್ಕರು. ಲೆಕ್ಚರರೂ ನಕ್ಕರು. ಕಂಪ್ಯೂಟರು ಕೊಡಲಿಲ್ಲ.

ದೀಪ ಉರಿಯುವ ತನಕ

ಪಂದ್ಯದ ಕಡೆಯ ದಿನ ಹತ್ತಿರ ಬಂತು. ಮನೆಯಲ್ಲಿ ಅವಳಿಗೆ ವರ ನೋಡುವ ಮಾತು ಶುರುವಾಗಿತ್ತು. ನಾನು ತಹಶೀಲ್ದಾರರಿಗೆ ಅರ್ಜಿ ಕೊಡುತ್ತೇನೆ, ಗೇಟಿನ ಮುಂದೆ ಕೂಡುತ್ತೇನೆ ಅಂದೆ. ಹುಡುಗಿ ಬೇಡ ಅಂದಳು.

"ಕಾಕಾ, ನೀವು ಕುಂತ್ರ ಅವರಿಗೆ ಬಾಗಲಾ ಹಾಕಾಕ ಇನ್ನೊಂದು ಕಾರಣ ಸಿಗತೈತಿ. ಅಮಾಸಿ ದಿನ ಖೋಲಿ ತಗೀತಾರ. ಅವತ್ತ ಬರ್ರಿ. ಜಗಳ ಮಾತ್ರ ಮಾಡಬ್ಯಾಡ್ರಿ."

ಖರೆ. ನಮ್ಮ ಕಡೆ ಅಮಾವಾಸ್ಯೆಗೆ ಪ್ರತಿ ಮಷಿನ್ನಿಗೂ ಪೂಜೆ. ಟ್ರ್ಯಾಕ್ಟರು, ಪಂಪು, ಹಿಟ್ಟಿನ ಗಿರಣಿ, ಗಲ್ಲಾಪೆಟ್ಟಿಗೆ, ನನ್ನ ವೈಂಡಿಂಗ್ ಮಷಿನ್ನು ಎಲ್ಲಕ್ಕೂ ಕಾಯಿ ಒಡೆಯುತ್ತಾರೆ. ಗೋಕಾಕ ಫಾಲ್ಸಿನಿಂದ ಹುಕ್ಕೇರಿಯ ತನಕ ಎಲ್ಲಿ ಬೇಕಾದರೂ ನೋಡಿ. ಕಾಲೇಜಿನವರು ಕಂಪ್ಯೂಟರು ಮುಟ್ಟಿಸದಿದ್ದರೂ ಪೂಜೆ ತಪ್ಪಿಸಿರಲಿಲ್ಲ. ತಿಂಗಳಿಗೊಮ್ಮೆ ಖೋಲಿ ತೆಗೆದು, ಪ್ರತಿ ಪರದೆಯ ಹಣೆಗೆ ವಿಭೂತಿ ಎಳೆದು, ಕಾಯಿ ಒಡೆದು, ಮತ್ತೆ ಕೀಲಿ.

ಆ ಅಮಾವಾಸ್ಯೆ ಬೆಳಿಗ್ಗೆ ಕಾಲೇಜಿನಲ್ಲಿ ಜವಾನರಾಗಿದ್ದ ಸಿಪಾಯಿ ಮಾಮಾ ಪೂಜೆ ಮಾಡಿದರು. ಸಣ್ಣ ಹಿತ್ತಾಳೆ ದೀಪ ಹಚ್ಚಿಟ್ಟರು. ಪ್ರಿನ್ಸಿಪಾಲರು ಕೈ ಮುಗಿದರು. ಹುಡುಗಿ, ಅವಳ ಜೊತೆಯ ಗೆಳತಿಯರು, ನಾನು ಬಾಗಿಲಲ್ಲಿ ನಿಂತಿದ್ದೆವು. ಪ್ರಿನ್ಸಿಪಾಲರು ಕೀಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದರು.

"ಮಾಮಾ," ಅಂದಳು ಹುಡುಗಿ, ಪ್ರಿನ್ಸಿಪಾಲರಿಗಲ್ಲ, ಸಿಪಾಯಿಗೆ, "ನಿಮ್ಮ ಮನ್ಯಾಗ ಗಿರಣಿ ಪೂಜಾ ಮಾಡಿ ಚಾಲೂ ಮಾಡದ ಹಂಗ ಬಿಡ್ತೀರೇನ್ರಿ?"

ಸಿಪಾಯಿ ಮಾಮಾ ಬೆಚ್ಚಿದರು. "ಹಂಗ ಬಿಡಬಾರದವಾ. ಕಾಯಿ ಒಡದ ಮ್ಯಾಲ ಮಷಿನ್ನ ಒಂದ ಸುತ್ತರ ತಿರಗಬೇಕು."

"ಇಲ್ಲಿ ತಿರಗಿಸಿಲ್ಲಲ್ರಿ."

ಅವರು ಪ್ರಿನ್ಸಿಪಾಲರ ಮುಖ ನೋಡಿದರು. ಪ್ರಿನ್ಸಿಪಾಲರು ಸಿಪಾಯಿಯ ಮುಖ ನೋಡಿದರು. ಇಬ್ಬರೂ ಇಷ್ಟು ತಿಂಗಳ ಅಮಾವಾಸ್ಯೆಗಳನ್ನು ನೆನೆದಂತೆ ಕಂಡಿತು.

"ಅದಕ್ಕ ಆ ಕಲ್ಲಿನ್ಯಾಗಿನ ಸಾಹೇಬ್ರು ಸೋತ್ರೋ ಏನೋ," ಅಂದರು ಸಿಪಾಯಿ ಮಾಮಾ, ಮೆಲ್ಲಗೆ.

ಆ ಮಾತು ಕೆಲಸ ಮಾಡಿತು. ಪ್ರಿನ್ಸಿ‍ಪಾಲರು, "ಚಾಲೂ ಮಾಡಿ ಬಂದ್ ಮಾಡ್ರಿ, ಅಷ್ಟ" ಅಂದರು. ಹುಡುಗಿಯರು ಒಳಗೆ ಹೋಗಿ ಎಲ್ಲ ಕಂಪ್ಯೂಟರು ಚಾಲೂ ಮಾಡಿದರು. ಪೆನ್ ಡ್ರೈವಿನಲ್ಲಿ ತಂದ ಪ್ರೋಗ್ರಾಮು ಹಾಕಿದರು, ಫೋನಿನಿಂದ ಇಂಟರ್‌ನೆಟ್ ಕೊಟ್ಟರು. ಪರದೆಯ ಮೇಲೆ ವಿಭೂತಿಯ ಹಿಂದೆ ಆರ್‌ಎನ್‌ಎ ತಿರುಗತೊಡಗಿತು.

ಸ್ವಲ್ಪ ಹೊತ್ತಿಗೆ ಪ್ರಿನ್ಸಿಪಾಲರು ಬಂದರು. "ಆತಲ್ಲ, ಬಂದ್ ಮಾಡ್ರಿ. ಬಾಗಲಾ ಹಾಕೂಣು."

"ದೀಪ ಉರಿಯಾಕತ್ತೈತ್ರಿ ಸರ," ಅಂದಳು ಹುಡುಗಿ. "ದೀಪ ಉರಿಯೂಮುಂದ ಬಾಗಲಾ ಹಾಕಬಾರದಂತಾರ."

"ಹೌದ್ರಿ ಸರ, ಹಾಕಬಾರದು," ಅಂದರು ಸಿಪಾಯಿ ಮಾಮಾ.

"ಆರಿಸ್ರಿ ಹಂಗಾರ."

"ದೇವರ ದೀಪ ಕೈಲೆ ಆರಸ್ತಾರೇನ್ರಿ ಸರ? ತಾನ ಶಾಂತ ಆಗಬೇಕು," ಅಂದರು ಮಾಮಾ.

ಪ್ರಿನ್ಸಿಪಾಲರು ದೀಪ ನೋಡಿದರು. ಸಣ್ಣದು, ಎಣ್ಣೆ ಸ್ವಲ್ಪ. ಒಂದು ಚಾ ಕುಡಿಯುವುದರೊಳಗೆ ಶಾಂತವಾಗುವಂಥದ್ದು. ಕುರ್ಚಿ ತರಿಸಿ ಬಾಗಿಲಲ್ಲಿ ಕುಳಿತರು. ಚಾ ಬಂತು. ಚಾ ಮುಗಿಯಿತು. ದೀಪ ಉರಿಯುತ್ತಲೇ ಇತ್ತು.

ಗೆಳತಿಯರು ಸರದಿಯಂತೆ ದೀಪಕ್ಕೆ ನಮಸ್ಕಾರ ಮಾಡಲು ಬಗ್ಗುತ್ತಿದ್ದರು. ಅವರ ಭಕ್ತಿ ಕಂಡು ನನಗೂ ಆಶ್ಚರ್ಯ. ಒಬ್ಬಳು ಬಗ್ಗಿ ಎದ್ದಾಗ ಅವಳ ಓಢಣಿಯ ಅಂಚಿನಲ್ಲಿ ಸಣ್ಣ ಎಣ್ಣೆ ಬಾಟಲಿ ಕಂಡೆ. ನಾನು ಮುಖ ಹೊರಳಿಸಿದೆ. ಜಗಳ ಮಾಡಬ್ಯಾಡ್ರಿ ಅಂದಿದ್ದಳು, ಸಾಕ್ಷಿ ಹೇಳ್ರಿ ಅಂತೂ ಅಂದಿರಲಿಲ್ಲ.

ಮಧ್ಯಾಹ್ನ ಪ್ರಿನ್ಸಿಪಾಲರು ಬುತ್ತಿ ಅಲ್ಲೇ ಬಿಚ್ಚಿದರು. "ಏನ ದೀಪನೋ ಇದು," ಅಂದರು.

"ನಿಮ್ಮ ಕಾಲೇಜಿನ ಪುಣ್ಯಾ ರಿ ಸರ," ಅಂದರು ಸಿಪಾಯಿ ಮಾಮಾ. ಅವರು ನಿಜವಾಗಿ ನಂಬಿದ್ದರು.

ಸಂಜೆಯ ಹೊತ್ತಿಗೆ ಲೆಕ್ಕ ಮುಗಿಯಿತು. ಬಂದ ರಾಶಿ ಆಕಾರಗಳಲ್ಲಿ ಹುಡುಗಿ ಒಂದನ್ನು ಆರಿಸಿದಳು, ಕಳಿಸಿದಳು, ಪರದೆಯ ವಿಭೂತಿ ಒರೆಸಿದಳು, ದೀಪದ ಮುಂದೆ ಕೈ ಮುಗಿದು ಕುಳಿತಳು. ಯಾರೂ ಮತ್ತೆ ಬಗ್ಗಲಿಲ್ಲ. ದೀಪ ಶಾಂತವಾಯಿತು. ಪ್ರಿನ್ಸಿಪಾಲರು ಕೀಲಿಯನ್ನು ಕಣ್ಣಿಗೆ ಒತ್ತಿಕೊಂಡು ಬಾಗಿಲಿಗೆ ಹಾಕಿದರು.

ಮುಂದೆ ಏನಾಯಿತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ತಿಂಗಳ ಮೇಲೆ ಖರೆ ಆಕಾರ ಹೊರಗೆ ಬಂತು. ಅವಳ ಊಹೆಯಲ್ಲಿ ನಡುವಿನ ಬಾಗು ಸರಿ ಇತ್ತು, ಒಂದು ತೋಳು ತಪ್ಪು ಕಡೆ ತಿರುಗಿತ್ತು. ಪಂದ್ಯದ ಪಟ್ಟಿಯಲ್ಲಿ ಅವಳ ಹೆಸರು ಮೇಲೂ ಅಲ್ಲ ಕೆಳಗೂ ಅಲ್ಲ, ನಡುವೆ ಎಲ್ಲೋ. ಅಪ್ಪನಿಗೆ ಎರಡೂ ಆಕಾರ ತೋರಿಸಿದಳು. ಹಾಲಿನವ ಬಹಳ ಹೊತ್ತು ನೋಡಿದ.

"ಈ ಕೈ ಯಾಕ ತಪ್ಪಿತವಾ?"

"ಅದು ತಿಳೀಬೇಕಂದ್ರ ಇನ್ನಾ ಓದಬೇಕಪ್ಪಾ."

"ಎಷ್ಟು?"

"ಎಂ.ಎಸ್ಸಿ. ಮಾಡಬೇಕು. ಆಮ್ಯಾಲ ಇನ್ನಾ."

"ಅರ್ಧಾ ಹಿಂಡಿ ಎಮ್ಮಿ ಬಿಡೂ ಮಂದಿ ಅಲ್ಲ ನಾವು," ಅಂದ. ವರ ನೋಡುವವರಿಗೆ ಬರಬೇಡಿ ಎಂದು ಹೇಳಿ ಕಳಿಸಿದ.

ಆರದ ದೀಪ

ನಗಬೇಕಾದದ್ದು ಇದಕ್ಕೂ ಮೊದಲೇ ನಡೆಯಿತು. ಪಂದ್ಯಕ್ಕೆ ಆಕಾರ ಕಳಿಸಿದ ಮರು ಅಮಾವಾಸ್ಯೆ. ಆಕಾರ ಊಹಿಸುವ ಪಂದ್ಯ ಇನ್ನೊಂದು ಬಂದಿತ್ತು, ಹುಡುಗಿಯರ ಗುಂಪು ದೊಡ್ಡದಾಗಿತ್ತು. ಈ ನಡುವೆ ಯಾರೋ ಪ್ರಿನ್ಸಿಪಾಲರಿಗೆ ಎಣ್ಣೆ ಬಾಟಲಿಯ ಸುದ್ದಿ ಮುಟ್ಟಿಸಿದ್ದರು. ನಾವು ಹೋದಾಗ ಅವರು ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಚೀಲ ನೋಡಿದರು. ಎಣ್ಣೆ ಇದ್ದವರನ್ನು ಹೊರಗೆ ನಿಲ್ಲಿಸಿದರು. ನನ್ನ ಕಿಸೆಯನ್ನೂ ಮುಟ್ಟಿ ನೋಡಿದರು.

ಒಳಗೆ ಹೋದರೆ ಹಿತ್ತಾಳೆ ದೀಪ ಇರಲಿಲ್ಲ. ಅದರ ಜಾಗದಲ್ಲಿ ಹೊಸದೊಂದು ಪ್ಲಾಸ್ಟಿಕ್ ದೀಪ, ಅಂಗಡಿಯಲ್ಲಿ ಸಿಗುವಂಥದ್ದು, ಜ್ಯೋತಿಯ ಆಕಾರದ ಬಲ್ಬು, ಗೋಡೆಯ ಪ್ಲಗ್ಗಿಗೆ ವೈರು.

"ಇನ್ನ ಮ್ಯಾಲ ಎಣ್ಣಿ ದೀಪ ಬಂದ್," ಅಂದರು ಪ್ರಿನ್ಸಿಪಾಲರು, ಗೆದ್ದವರ ಹಾಗೆ. "ಬೆಂಕಿ ಹತ್ತೂ ಭೀತಿ. ಕರೆಂಟಿನ ದೀಪ ಸೇಫ್ ಐತಿ."

ಪೂಜೆ ಆಯಿತು. ಕಾಯಿ ಒಡೆಯಿತು. ಸಿಪಾಯಿ ಮಾಮಾ ಭಕ್ತಿಯಿಂದ ಸ್ವಿಚ್ ಹಾಕಿದರು. ಹುಡುಗಿಯರು ಕಂಪ್ಯೂಟರು ಚಾಲೂ ಮಾಡಿದರು. ಪ್ರಿನ್ಸಿಪಾಲರು ಕುರ್ಚಿ ಹಾಕಿ ಕುಳಿತರು. ಚಾ ಕುಡಿದರು. ಬುತ್ತಿ ಉಂಡರು. ಹೊತ್ತು ಇಳಿಯಿತು.

"ದೀಪ ಶಾಂತ ಆಗಲಿಲ್ಲ?" ಅಂದರು.

"ಎಲ್ಲಿಂದ ಆಕ್ಕೈತ್ರಿ ಸರ," ಅಂದಳು ಮಸಗುಪ್ಪಿಯ ಹುಡುಗಿ, ಪರದೆಯಿಂದ ಕಣ್ಣು ತೆಗೆಯದೆ. "ನೀವ ಆರದ ದೀಪ ತಂದೀರಿ."

ಪ್ರಿನ್ಸಿಪಾಲರು ಎದ್ದು ಪ್ಲಗ್ಗಿನ ಹತ್ತಿರ ಹೋದರು. ಸಿಪಾಯಿ ಮಾಮಾ ಅಡ್ಡ ನಿಂತರು. ನೌಕರಿ ಹೋದರೂ ಚಿಂತಿಲ್ಲ, ದೇವರ ದೀಪಕ್ಕೆ ಕೈ ಹಚ್ಚಾಕ ಬಿಡಂಗಿಲ್ಲ ಅಂದರು. ಆ ದಿನದಿಂದ ಇಂದಿನ ತನಕ ಆ ಖೋಲಿಗೆ ಕೀಲಿ ಬಿದ್ದಿಲ್ಲ. ಕರೆಂಟು ಹೋಗಿ ದೀಪ ಆರಿದಾಗ ಮಾತ್ರ ಪ್ರಿನ್ಸಿಪಾಲರು ಕೀಲಿ ಹಿಡಿದು ಓಡಿ ಬರುತ್ತಾರೆ. ಅವರು ಬಂದು ಮುಟ್ಟುವುದರೊಳಗೆ ಕರೆಂಟು ಬಂದಿರುತ್ತದೆ.

ನಕ್ಕಿರಿ. ಚಲೋ ಆಯಿತು. ಈಗ ಎದ್ದೇಳಿ. ನಿಮ್ಮ ಊರಿನ ಕಾಲೇಜಿನಲ್ಲಿ, ಸಾಲಿಯಲ್ಲಿ, ವಾಚನಾಲಯದಲ್ಲಿ ಕೀಲಿ ಹಾಕಿಟ್ಟ ಖೋಲಿ ಯಾವುದು ಅಂತ ಹೋಗಿ ಕೇಳಿ. ಬರುವ ಅಮಾವಾಸ್ಯೆಗೆ ಕಾಯಿ ಹಿಡಿದು ಹೋಗಿ. ಬಾಗಿಲು ತೆಗೆಸಿ, ಮಷಿನ್ನು ಚಾಲೂ ಮಾಡಿಸಿ, ಓದುವ ಮಕ್ಕಳನ್ನು ಒಳಗೆ ಕೂಡಿಸಿ. ಆಮೇಲೆ ನೀವು ಹೊಸ್ತಿಲ ಮೇಲೆ ಕುಳಿತುಕೊಳ್ಳಿ. ಯಾರು ಬಂದು ಏಳು ಅಂದರೂ ಏಳಬೇಡಿ.